ಕೆಟಲಿನ ತಳದ ಕಲ್ಲು

ಹೈಸ್ಕೂಲಿನಲ್ಲಿ ಸುಣ್ಣದ ತಿಳಿನೀರಿಗೆ ಸ್ಟ್ರಾ ಹಾಕಿ ಊದಿದ್ದು ಬಹಳ ಜನಕ್ಕೆ ನೆನಪಿರುತ್ತದೆ. ಊದುತ್ತಾ ಹೋದಂತೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಮೇಷ್ಟ್ರು "ನೋಡ್ರಪ್ಪಾ, ನಮ್ಮ ಉಸಿರಲ್ಲಿ ಇಂಗಾಲದ ಡೈಆಕ್ಸೈಡ್ ಇದೆ" ಅನ್ನುತ್ತಾರೆ, ಬೆಲ್ ಹೊಡೆಯುತ್ತದೆ, ಎಲ್ಲರೂ ಊಟಕ್ಕೆ ಓಡುತ್ತಾರೆ. ಆದರೆ ಆ ಪ್ರಯೋಗದ ಸ್ವಾರಸ್ಯ ಇರುವುದು ಉಳಿದರ್ಧದಲ್ಲಿ. ಬೆಳ್ಳಗಾದ ಮೇಲೂ ಬಿಡದೆ ಊದುತ್ತಲೇ ಇದ್ದರೆ (ದವಡೆ ನೋಯುತ್ತದೆ, ತಾಳ್ಮೆ ಬೇಕು) ಹಾಲಿನಂತಿದ್ದ ನೀರು ನಿಧಾನಕ್ಕೆ ಮತ್ತೆ ತಿಳಿಯಾಗುತ್ತದೆ. ಬಿಳುಪು ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಆ ತಿಳಿನೀರನ್ನು ಸ್ಪಿರಿಟ್ ಲ್ಯಾಂಪಿನ ಮೇಲೆ ಹಿಡಿದು ಕಾಯಿಸಿದರೆ ವಾಪಸ್ಸು ಬರುತ್ತದೆ. ಈ ಸಲ ಪ್ರನಾಳದ ಗೋಡೆಗೂ ಮೆತ್ತಿಕೊಳ್ಳುತ್ತದೆ.

ನಾನು ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವವನು. ಗಡಸು ನೀರಿನ (ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುವ ನೀರಿನ) ವಿಷಯ ಬಂದಾಗಲೆಲ್ಲ ಈ ಪ್ರಯೋಗವನ್ನು ಪೂರ್ತಿ ಮಾಡಿಸುತ್ತೇನೆ, ಏಕೆಂದರೆ ಕಥೆಯ ಮುಕ್ಕಾಲು ಪಾಲು ಆ ಒಂದು ಪ್ರನಾಳದಲ್ಲೇ ಇದೆ. ಸುಣ್ಣದ ತಿಳಿ ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದಕ್ಕೆ ಉಸಿರು ತಾಗಿದಾಗ ಹುಟ್ಟುವ ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆಯ ಚಿಪ್ಪು, ಅಮೃತಶಿಲೆ, ಎಲೆ ಅಡಿಕೆ ಚೀಲದಲ್ಲಿ ಮರೆತುಹೋದ ಸುಣ್ಣದ ಡಬ್ಬಿಯ ಒಣ ಹೆಕ್ಕಳೆ, ಎಲ್ಲವೂ ಇದೇ. ಇದು ನೀರಿನಲ್ಲಿ ಕರಗುವುದಿಲ್ಲ ಎಂದೇ ಹೇಳಬಹುದು. ಇನ್ನಷ್ಟು ಇಂಗಾಲದ ಡೈಆಕ್ಸೈಡ್ ಸಿಕ್ಕಿದರೆ ಮಾತ್ರ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಕರಗಿ ಕಣ್ಮರೆಯಾಗುತ್ತದೆ. ಕಾಯಿಸಿದಾಗ ಅನಿಲ ಹಾರಿಹೋಗುತ್ತದೆ, ಸುಣ್ಣ ಕೆಳಗುಳಿಯುತ್ತದೆ. ಕೊನೆಯ ಈ ಒಂದು ಹೆಜ್ಜೆ ನಿಮ್ಮ ಗೀಸರಿನೊಳಗೆ ದಿನಾ ಬೆಳಗ್ಗೆ ನಡೆಯುತ್ತಿದೆ.

ಭೂಮಿಯ ಕೆಳಗೆ ಊದುವವರು ಯಾರು? ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇಕಡಾ 0.04ರಷ್ಟು, ಅಷ್ಟರಿಂದ ದೊಡ್ಡ ಕೆಲಸವಾಗುವುದಿಲ್ಲ. ಆದರೆ ಮಳೆನೀರು ಮಣ್ಣಿನೊಳಗೆ ಇಳಿದರೆ ಅಲ್ಲಿನ ಲೆಕ್ಕವೇ ಬೇರೆ. ಬೇರುಗಳು ಉಸಿರಾಡುತ್ತವೆ, ಕೊಳೆಯುತ್ತಿರುವ ಎಲೆ ತಿಂದು ಸೂಕ್ಷ್ಮಜೀವಿಗಳೂ ಉಸಿರಾಡುತ್ತವೆ. ಮಣ್ಣಿನ ಸಂದುಗಳಲ್ಲಿ ಈ ಅನಿಲ ಹೊರಗಿನದಕ್ಕಿಂತ ಹತ್ತು ಪಟ್ಟು, ಕೆಲವು ಕಡೆ ನೂರು ಪಟ್ಟು ಹೆಚ್ಚು. ಅದನ್ನು ಹೀರಿಕೊಂಡ ನೀರು ಸೋಡಾದಂತೆ ಸಣ್ಣಗೆ ಹುಳಿಯಾಗಿ ಬಂಡೆಗೆ ಇಳಿಯುತ್ತದೆ. ಕಲಬುರಗಿ ಕಡೆ ಶಹಾಬಾದ್ ಕಲ್ಲಿನ ಸೀಮೆಯಲ್ಲಿ ಕೆಳಗಿರುವುದೇ ಸುಣ್ಣಕಲ್ಲು, ಅಲ್ಲಿ ವಿವರಿಸುವಂಥದ್ದೇನೂ ಇಲ್ಲ. ಬೆಂಗಳೂರು, ಕೋಲಾರ, ತುಮಕೂರಿನ ಕೆಳಗೆ ಇರುವುದು ಗ್ರಾನೈಟು ಮತ್ತು ನೈಸ್ ಎಂಬ ಪಟ್ಟೆಪಟ್ಟೆ ಕಲ್ಲು. ಅದರಲ್ಲಿ ಸುಣ್ಣಕಲ್ಲೆಲ್ಲಿ ಅಂತ ಮಕ್ಕಳು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಗ್ರಾನೈಟಿನ ಬಿಳಿ ಭಾಗದಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜದಲ್ಲಿ ಕ್ಯಾಲ್ಸಿಯಂ ಇದೆ, ಕಪ್ಪು ಚುಕ್ಕೆಗಳಲ್ಲಿ ಮೆಗ್ನೀಸಿಯಂ ಇದೆ. ಹುಳಿನೀರು ವರ್ಷಗಟ್ಟಲೆ ಬಿರುಕುಗಳಲ್ಲಿ ಕೂತು ಅವನ್ನು ಸವೆಸುತ್ತದೆ. ಕಲ್ಲು ಜೇಡಿಯಾಗುತ್ತದೆ, ನೀರು ಗಡಸಾಗುತ್ತದೆ. ಸಾವಿರದಿನ್ನೂರು ಅಡಿ ಬೋರಿನಿಂದ ಮೇಲೆ ಬರುವ ನೀರು ಈ ವರ್ಷದ ಮಳೆಯದ್ದಲ್ಲ, ಅದಕ್ಕೆ ಕಲ್ಲಿನ ಸಹವಾಸ ಬಹಳ ಹಳೆಯದು. ಮಲೆನಾಡಿನ ನೀರು ಮೆದುವಾಗಿರುವುದೂ ಇದೇ ಕಾರಣಕ್ಕೆ, ತಿರುವುಮುರುವಾಗಿ: ಅಲ್ಲಿ ಸುರಿದದ್ದು ಕಲ್ಲಿನ ಜೊತೆ ಮಾತಾಡುವ ಮೊದಲೇ ಹಳ್ಳ ಸೇರಿರುತ್ತದೆ, ಮಣ್ಣಿನಲ್ಲಿ ಕರಗುವಂಥದ್ದೆಲ್ಲ ಸಾವಿರಾರು ವರ್ಷಗಳ ಮಳೆಗೆ ತೊಳೆದುಹೋಗಿದೆ.

ನಮ್ಮ ಅಪಾರ್ಟ್‌ಮೆಂಟಿನ ಬೋರ್ ನೀರನ್ನು ಕಾಲೇಜಿನ ಲ್ಯಾಬಿಗೆ ಒಂದು ಬಾಟಲಿ ಒಯ್ದಿದ್ದೆ. ಕೋನಿಕಲ್ ಫ್ಲಾಸ್ಕಿಗೆ ನೀರು, ಹುಳಿ-ಕ್ಷಾರದ ಹದ ಕದಲದಂತೆ ಹಿಡಿಯುವ ಬಫರ್, ಚಿಟಿಕೆ ಎರಿಯೊಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣದ ಪುಡಿ. ನೀರು ದ್ರಾಕ್ಷಾರಸದ ಕೆಂಪಾಗುತ್ತದೆ. ಮೇಲಿನ ಬ್ಯುರೆಟ್‌ನಿಂದ ಇಡಿಟಿಎ ಹನಿ ಹನಿಯಾಗಿ ಇಳಿಯುತ್ತಿರಬೇಕು. ಇಡಿಟಿಎ ಅಣುವಿಗೆ ಏಡಿಯ ಕೊಂಡಿಗಳಂಥ ಕೈಗಳು, ಕ್ಯಾಲ್ಸಿಯಂ ಮೆಗ್ನೀಸಿಯಂ ಕಂಡ ಕಂಡಲ್ಲಿ ಹಿಡಿದು ಮಡಿಲಿಗೆ ಹಾಕಿಕೊಳ್ಳುತ್ತದೆ. ಕೊನೆಯದನ್ನೂ ಹಿಡಿದ ಕ್ಷಣಕ್ಕೆ ಕೆಂಪು ಮಾಯವಾಗಿ ಫ್ಲಾಸ್ಕು ನೀಲಿಯಾಗುತ್ತದೆ. ಆ ಒಂದು ಹನಿಗೆ ಬಣ್ಣ ತಿರುಗುವುದನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಇನ್ನೂ ಬೇಸರ ಬಂದಿಲ್ಲ. ನಮ್ಮ ನೀರಿನ ಲೆಕ್ಕ ಲೀಟರಿಗೆ 500 ಮಿಲಿಗ್ರಾಂ ಬಂತು. ನೀರಿನಲ್ಲಿ ಏನೇನೇ ಇರಲಿ, ಗಡಸುತನವನ್ನು ಅಷ್ಟು ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ ಎಂದು ಲೆಕ್ಕ ಹಾಕುವುದು ರೂಢಿ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡದಲ್ಲಿ ಇದು 200ರೊಳಗೆ ಇರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ.

500 ಅಂದರೆ ಎಷ್ಟು? ಒಂದು ಮನೆಗೆ ದಿನಕ್ಕೆ 500 ಲೀಟರ್ ನೀರು ಬೇಕೆಂದು ಹಿಡಿಯೋಣ. ದಿನಕ್ಕೆ ಕಾಲು ಕಿಲೋ, ವರ್ಷಕ್ಕೆ ಸುಮಾರು 91 ಕಿಲೋ ಸುಣ್ಣಕಲ್ಲಿಗೆ ಸಮನಾದ ಸರಕು ನಮ್ಮ ನಲ್ಲಿಗಳಿಂದ ಹರಿದುಹೋಗುತ್ತಿದೆ. ಎರಡು ಮೂಟೆ ಸಿಮೆಂಟಿನ ತೂಕಕ್ಕೆ ಹತ್ತಿರ. ಪುಣ್ಯಕ್ಕೆ ಬಹುಪಾಲು ಚರಂಡಿ ಸೇರುತ್ತದೆ, ಅಲ್ಪಸ್ವಲ್ಪ ಮಾತ್ರ ಷವರಿನ ತೂತಿನಲ್ಲಿ, ಟೈಲ್ಸಿನ ಮೇಲೆ, ವಾಷಿಂಗ್ ಮೆಷಿನ್ನಿನ ಹೀಟರಿಗೆ ಕೂರುತ್ತದೆ.

ಸೋಪಿನ ಲೆಕ್ಕ ಇನ್ನೂ ಹೊಟ್ಟೆ ಉರಿಸುತ್ತದೆ. ಸೋಪು ಎಂಬುದು ಕೊಬ್ಬಿನಾಮ್ಲದ ಸೋಡಿಯಂ ಲವಣ. ಸೋಡಿಯಂ ಇದ್ದರೆ ಕರಗಿ ನೊರೆಯಾಗುತ್ತದೆ, ಕ್ಯಾಲ್ಸಿಯಂ ಸಿಕ್ಕಿತೋ ಅದನ್ನು ಕಟ್ಟಿಕೊಂಡು ಬೂದು ಬಣ್ಣದ ಜಿಗುಟಾಗಿ ಮೇಲೆ ತೇಲುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಮ್ಮೆಲ್ಲ ಹೀಗೆ ಮುಗಿಯುವ ತನಕ ನೊರೆ ಬರುವುದಿಲ್ಲ. ನಮ್ಮ ಬೋರ್ ನೀರಿನ 20 ಲೀಟರ್ ಬಕೆಟ್ಟಿಗೆ ಕಾಗದದ ಮೇಲೆ ಲೆಕ್ಕ ಹಾಕಿದರೆ ಹೀಗೆ ಹಾಳಾಗಬೇಕಾದ ಸೋಪು 60 ಗ್ರಾಂ! ಅಷ್ಟು ಸೋಪನ್ನು ಯಾರೂ ಬಕೆಟ್ಟಿಗೆ ಕರಗಿಸುವುದಿಲ್ಲ, ಮೈಗೆ ಉಜ್ಜಿಕೊಳ್ಳುತ್ತೇವೆ, ಆದ್ದರಿಂದ ಬದುಕಿದೆವು. ತಲೆಕೂದಲು ತೆಂಗಿನ ನಾರಾಗುವುದು ಆ ಜಿಗುಟಿನಿಂದ. ಬಟ್ಟೆ ಒಗೆಯುವ ಪೌಡರಿನಲ್ಲಿ ವಾಷಿಂಗ್ ಸೋಡಾ ಬೆರೆಸಿರುವುದು ಕ್ಯಾಲ್ಸಿಯಮ್ಮನ್ನು ಮೊದಲೇ ಒತ್ತಟ್ಟಿಗೆ ಕೂರಿಸಲಿಕ್ಕೆ.

ಅಡುಗೆಮನೆಯವರಿಗೆ ಗಡಸು ನೀರನ್ನು ಗುರುತಿಸಲು ಇಡಿಟಿಎ ಬೇಕಾಗಿಲ್ಲ, ತೊಗರಿಬೇಳೆ ಸಾಕು. ತೀರ್ಥಹಳ್ಳಿಯ ನೆಂಟರ ಮನೆಯಲ್ಲಿ ಎರಡೇ ವಿಷಲ್ಲಿಗೆ ಬೆಣ್ಣೆಯಾಗುವ ಬೇಳೆ ನಮ್ಮಲ್ಲಿ ಐದು ವಿಷಲ್ಲಾದರೂ ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಗೋಂದು ಪೆಕ್ಟಿನ್. ಬೇಯುವುದು ಅಂದರೆ ಆ ಗೋಂದು ಕರಗುವುದು. ಕ್ಯಾಲ್ಸಿಯಂ ಹೋಗಿ ಪೆಕ್ಟಿನ್ ಎಳೆಗಳ ನಡುವೆ ಮೊಳೆ ಹೊಡೆದಂತೆ ಕೂರುತ್ತದೆ, ಗೋಂದು ಗಟ್ಟಿಯಾಗುತ್ತದೆ. ನಮ್ಮಮ್ಮ ಚಿಟಿಕೆ ಅಡುಗೆ ಸೋಡಾ ಹಾಕುತ್ತಿದ್ದರು. ಬೇಳೆ ಬೇಯುತ್ತಿತ್ತು, ಸಾರಿನ ರುಚಿ ಸ್ವಲ್ಪ ಸತ್ತುಹೋಗುತ್ತಿತ್ತು. ಅದಕ್ಕಿಂತ ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಕುದಿಸಿ ಆರಿಸಿ ಬಸಿದ ನೀರಿನಲ್ಲೇ ಬೇಯಿಸುವುದು ವಾಸಿ.

ಕುದಿಸಿದರೆ ಗಡಸು ಪೂರ್ತಿ ಹೋಗುತ್ತದೆಯೇ? ಬೈಕಾರ್ಬೊನೇಟಿನ ರೂಪದಲ್ಲಿರುವಷ್ಟು ಹೋಗುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೇ ತಾತ್ಕಾಲಿಕ ಗಡಸುತನ ಎನ್ನುವುದು. ಸಲ್ಫೇಟು, ಕ್ಲೋರೈಡುಗಳ ಜೊತೆಗಿರುವ ಕ್ಯಾಲ್ಸಿಯಂ ಎಷ್ಟು ಕುದಿಸಿದರೂ ಜಗ್ಗುವುದಿಲ್ಲ, ಅದು ಶಾಶ್ವತ ಗಡಸು. ಇನ್ನೊಂದು ವಿಚಿತ್ರ ಗಮನಿಸಿ. ಸಕ್ಕರೆ, ಉಪ್ಪು ಬಿಸಿನೀರಿನಲ್ಲಿ ಹೆಚ್ಚು ಕರಗುತ್ತವೆ, ಸುಣ್ಣಕಲ್ಲು ಬಿಸಿನೀರಿನಲ್ಲಿ ಕಡಿಮೆ ಕರಗುತ್ತದೆ. ಹಾಗಾಗಿ ತಣ್ಣೀರಿನ ಪೈಪಿಗಿಂತ ಮೊದಲು ಕಟ್ಟಿಕೊಳ್ಳುವುದು ಹೀಟರಿನ ಕಾಯಿಲ್‌ಗೆ, ಎಲ್ಲಿ ಬಿಸಿ ಹೆಚ್ಚೋ ಅಲ್ಲಿಗೇ. ಕಾಯಿಲ್ ಮೇಲೆ ಕಲ್ಲಿನ ಕಂಬಳಿ ಹೊದೆಸಿದಂತಾಗಿ ಶಾಖ ನೀರಿಗೆ ದಾಟುವುದಿಲ್ಲ, ಕಾಯಿಲ್ ಒಳಗೊಳಗೇ ಕಾದು ಒಂದು ದಿನ ಸುಟ್ಟುಹೋಗುತ್ತದೆ.

ಸುಣ್ಣವನ್ನು ತೆಗೆಯಲು ಸುಣ್ಣವನ್ನೇ ಹಾಕಬಹುದು ಎಂದು 1841ರಲ್ಲಿ ಪೇಟೆಂಟ್ ಮಾಡಿಸಿದವನು ಸ್ಕಾಟ್ಲೆಂಡಿನ ಅಬರ್ಡೀನಿನ ರಸಾಯನಶಾಸ್ತ್ರಜ್ಞ ಥಾಮಸ್ ಕ್ಲಾರ್ಕ್. ಕೇಳಿದರೆ ಒಗಟಿನಂತಿದೆ, ಪ್ರನಾಳದ ಪ್ರಯೋಗ ನೋಡಿದವರಿಗೆ ಸರಳ: ಸುಣ್ಣದ ತಿಳಿ ನೀರಿನಲ್ಲಿರುವ ಹೆಚ್ಚುವರಿ ಇಂಗಾಲದ ಡೈಆಕ್ಸೈಡನ್ನು ಕಸಿದುಕೊಳ್ಳುತ್ತದೆ, ಕರಗಿದ್ದ ಸುಣ್ಣಕ್ಕೂ ಹೊಸದಾಗಿ ಹಾಕಿದ ಸುಣ್ಣಕ್ಕೂ ಆಸರೆ ತಪ್ಪಿ ಎರಡೂ ಕಾರ್ಬೊನೇಟಾಗಿ ತಳಕ್ಕಿಳಿಯುತ್ತವೆ. ಊರಿಗೆ ನೀರು ಕೊಡುವ ಪಾಶ್ಚಾತ್ಯ ಸ್ಥಾವರಗಳು ಇಂದಿಗೂ ಇದನ್ನು ಬಳಸುತ್ತವೆ. ಮನೆಗೆ ಇದು ಆಗದ ಕೆಲಸ, ಯಾಕೆಂದರೆ ಹದ ತಪ್ಪಿದರೆ ನೀರೇ ಸುಣ್ಣದ ತಿಳಿಯಾಗುತ್ತದೆ.

ಮನೆ, ಅಪಾರ್ಟ್‌ಮೆಂಟುಗಳಿಗೆ ಬರುವುದು ಸಾಫ್ಟ್‌ನರ್. ಸಿಲಿಂಡರಿನ ಒಳಗೆ ಸಾಸಿವೆ ಗಾತ್ರದ ರೆಸಿನ್ ಮಣಿಗಳು. ಮಣಿಯ ಮೈತುಂಬ ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಅಂಟಿಕೊಂಡಿರುತ್ತವೆ. ಎರಡು ಧನ ವಿದ್ಯುದಂಶದ ಕ್ಯಾಲ್ಸಿಯಂ ಬಂದಾಗ ಒಂದೇ ವಿದ್ಯುದಂಶದ ಸೋಡಿಯಂಗೆ ಹಿಡಿತ ಸಾಲದು, ಒಂದು ಕ್ಯಾಲ್ಸಿಯಂ ಕೂತು ಎರಡು ಸೋಡಿಯಂ ಎದ್ದು ನೀರಿಗೆ ಹೋಗುತ್ತವೆ. ಬಸ್ಸಿನಲ್ಲಿ ದೊಡ್ಡ ಮೈಯವರೊಬ್ಬರು ಹತ್ತಿ ಇಬ್ಬರು ಹುಡುಗರನ್ನು ಎಬ್ಬಿಸಿದ ಹಾಗೆ. ಮಣಿಗಳೆಲ್ಲ ಕ್ಯಾಲ್ಸಿಯಂ ತುಂಬಿಕೊಂಡ ಮೇಲೆ ಗಟ್ಟಿ ಉಪ್ಪುನೀರು ಹಾಯಿಸಿ ಮತ್ತೆ ಸೋಡಿಯಂ ಕೂರಿಸಬೇಕು. ಸೆಕ್ಯೂರಿಟಿಯವರು ವಾರಕ್ಕೊಮ್ಮೆ ಉಪ್ಪಿನ ಮೂಟೆ ಸುರಿಯುವುದು ಇದಕ್ಕೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಸಾಫ್ಟ್‌ನರ್ ನೀರನ್ನು ಶುದ್ಧ ಮಾಡುವುದಿಲ್ಲ, ಒಂದನ್ನು ಕೊಟ್ಟು ಇನ್ನೊಂದನ್ನು ತೆಗೆದುಕೊಳ್ಳುತ್ತದೆ ಅಷ್ಟೆ. ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಲೆಕ್ಕ) ತೋರಿಸುವ ಮೀಟರ್ ಹಿಡಿದರೆ ಅಂಕಿ ಮೊದಲಿದ್ದಷ್ಟೇ ಇರುತ್ತದೆ. 500 ಗಡಸಿನ ನೀರನ್ನು ಪೂರ್ತಿ ಮೆದು ಮಾಡಿದರೆ ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರುತ್ತದೆ. ದಿನಕ್ಕೆ ಎರಡು ಲೀಟರ್ ಕುಡಿದರೆ 460 ಮಿಲಿಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ ಒಂದು ದಿನಕ್ಕೆ ಸಾಕು ಎನ್ನುವ 2 ಗ್ರಾಂ ಸೋಡಿಯಮ್ಮಿನ ಕಾಲುಭಾಗದ ಹತ್ತಿರ. ಬಿಪಿ ಇರುವವರು ಇದನ್ನು ಕುಡಿಯುವುದು ಬೇಡ, ತುಳಸಿ ಕುಂಡಕ್ಕೂ ಹಾಕುವುದು ಬೇಡ. ಸೋಡಿಯಂ ಮಣ್ಣನ್ನು ಬಿಗಿಯಾಗಿಸಿ ನೀರು ಇಳಿಯದಂತೆ ಮಾಡುತ್ತದೆ. ಸ್ನಾನಕ್ಕೆ, ಬಟ್ಟೆಗೆ ಸಾಫ್ಟ್‌ನರ್ ನೀರು, ಗಿಡಕ್ಕೆ ಹಸಿ ಬೋರ್ ನೀರು ಎಂದು ಪೈಪು ಬೇರೆ ಮಾಡಿಸಿಕೊಂಡವರು ಜಾಣರು. ಪೈಪಿಗೆ ಆಯಸ್ಕಾಂತ ಕಟ್ಟಿ ಗಡಸು ತೆಗೆಯುತ್ತೇವೆ ಎನ್ನುವವರು ಬಂದರೆ ಮೊದಲು ಮತ್ತು ನಂತರದ ನೀರನ್ನು ಲ್ಯಾಬಿಗೆ ಕಳಿಸಿ. ಎರಡರ ಗಡಸುತನವೂ ಒಂದೇ ಬರುತ್ತದೆ.

ಹಾಗಾದರೆ ಗಡಸು ನೀರು ಕುಡಿದರೆ ಏನಾಗುತ್ತದೆ? ನಿರಾಶೆಪಡಿಸುವ ಉತ್ತರ: ಹೇಳಿಕೊಳ್ಳುವಂಥದ್ದೇನಿಲ್ಲ. ಅದರಲ್ಲಿರುವುದು ಹಾಲಿನಲ್ಲಿ, ರಾಗಿಯಲ್ಲಿ ಇರುವಂಥದೇ ಕ್ಯಾಲ್ಸಿಯಂ. ಕಿಡ್ನಿಯ ಕಲ್ಲು ನೋಡಲು ಗೀಸರಿನ ಕಲ್ಲಿನ ಹಾಗೇ ಇರುವುದರಿಂದ ಎರಡಕ್ಕೂ ಗಂಟು ಹಾಕುವುದು ಸಹಜ, ಆದರೆ ಹೆಚ್ಚಿನ ಕಿಡ್ನಿ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು, ಅವಕ್ಕೆ ದೊಡ್ಡ ಕಾರಣ ನೀರು ಕಡಿಮೆ ಕುಡಿಯುವುದು. ಕಲ್ಲು ಬಂದವರು ವೈದ್ಯರ ಮಾತು ಕೇಳಲಿ, ಉಳಿದವರು ಗಡಸು ನೀರೆಂಬ ಭಯಕ್ಕೆ ಕುಡಿಯುವುದನ್ನೇ ಕಮ್ಮಿ ಮಾಡುವುದು ಬೇಡ.

ಈ ಭಯವೇ ಒಂದು ವ್ಯಾಪಾರ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಫಿಲ್ಟರ್ ಮಾರುವ ಹುಡುಗನೊಬ್ಬ ಬಂದಿದ್ದ. ಎರಡು ಗಾಜಿನ ಲೋಟ ಕೇಳಿದ, ಒಂದಕ್ಕೆ ನಲ್ಲಿ ನೀರು, ಒಂದಕ್ಕೆ ತಾನು ತಂದ ಆರ್‌ಒ ನೀರು. ಚೀಲದಿಂದ ಲೋಹದ ಸರಳುಗಳಿರುವ ಪುಟ್ಟ ಯಂತ್ರ ತೆಗೆದು ಎರಡರಲ್ಲೂ ಅದ್ದಿ ಪ್ಲಗ್ ಹಾಕಿದ. ನಿಮಿಷದೊಳಗೆ ನಲ್ಲಿ ನೀರು ಹಸಿರಾಗಿ, ಕಂದಾಗಿ, ಗಟಾರದ ಕೆಸರಿನಂತೆ ಕದಡಿತು. ಆರ್‌ಒ ಲೋಟ ತಣ್ಣಗೆ ಕೂತಿತ್ತು. "ನೋಡಿ ಆಂಟಿ, ಇಷ್ಟ್ ದಿನ ಇದನ್ನೇ ಕುಡೀತಿದ್ರಿ" ಅಂದ. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಒಗ್ಗರಣೆ ಡಬ್ಬಿಯ ಪಕ್ಕದ ಉಪ್ಪಿನ ಭರಣಿಯಿಂದ ಚಿಟಿಕೆ ಉಪ್ಪು ತೆಗೆದು ಅವನ ಆರ್‌ಒ ಲೋಟಕ್ಕೆ ಹಾಕಿ, ಈಗ ಮತ್ತೆ ಹಾಕಪ್ಪ ಅಂದೆ. ಅದು ಮೊದಲನೆಯದಕ್ಕಿಂತ ಕೊಳಕಾಯಿತು. ಕೆಸರು ನೀರಿನದ್ದಲ್ಲ, ಸರಳಿನದು. ವಿದ್ಯುತ್ ಹರಿದಾಗ ಕಬ್ಬಿಣದ ಸರಳು ಕರಗಿ ತುಕ್ಕಾಗಿ ನೀರಿಗೆ ಬೀಳುತ್ತದೆ. ವಿದ್ಯುತ್ ಹರಿಯಲು ನೀರಿನಲ್ಲಿ ಲವಣ ಬೇಕು, ಆರ್‌ಒ ನೀರಿನಲ್ಲಿ ಅದು ಇಲ್ಲದ್ದರಿಂದ ಏನೂ ಆಗಲಿಲ್ಲ. ಎಳನೀರಿಗೆ ಹಾಕಿದರೂ ಅದೇ ಕೆಸರು. ಹುಡುಗನಿಗೆ ಕಾಫಿ ಕೊಟ್ಟು ಕಳಿಸಿದೆವು, ಅವನಿಗೂ ಇದು ಗೊತ್ತಿರಲಿಲ್ಲ ಪಾಪ.

ಆರ್‌ಒ ತಂತ್ರಕ್ಕೆ ನಾನು ವಿರೋಧಿಯೇನಲ್ಲ. ಅದು ಸೊಗಸಾದ ವಿಜ್ಞಾನ. ಒಣದ್ರಾಕ್ಷಿಯನ್ನು ನೆನೆಹಾಕಿದರೆ ನೀರು ತಾನಾಗಿ ಒಳಗೆ ನುಗ್ಗಿ ಉಬ್ಬುತ್ತದಲ್ಲ, ಆ ಹರಿವನ್ನು ಒತ್ತಡ ಹಾಕಿ ಹಿಮ್ಮುಖ ಮಾಡುವುದು. ಪೊರೆ ನೀರನ್ನು ಬಿಡುತ್ತದೆ, ಲವಣವನ್ನು ತಡೆಯುತ್ತದೆ. ಇದು ನಿಜಕ್ಕೂ ಕೆಲಸಕ್ಕೆ ಬರುವಂಥ ಪೊರೆಯನ್ನು 1960ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ ಮಾಡಿದವರು ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್. ಪೊರೆ ತಡೆದ ಲವಣಗಳನ್ನೆಲ್ಲ ತೊಳೆದೊಯ್ಯಲು ನೀರು ಬೇಕಲ್ಲ, ಅದರಲ್ಲೇ ಗೋಳು: ಸಾಮಾನ್ಯ ಮನೆ ಯಂತ್ರಗಳಲ್ಲಿ ಒಂದು ಲೀಟರ್ ಕುಡಿಯಲು ಸಿಕ್ಕರೆ ಎರಡೋ ಮೂರೋ ಲೀಟರ್ ಸಿಂಕಿಗೆ ಹೋಗುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಇದನ್ನು ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಹೇಳಿದ್ದು ಈ ಕಾರಣಕ್ಕೇ. ಕಾವೇರಿ ನೀರು ಬರುವ ಮನೆಯಲ್ಲಿ ಆರ್‌ಒ ಇಡುವುದು, ನನ್ನ ಮಟ್ಟಿಗೆ, ತೊಳೆದ ಅಕ್ಕಿಯನ್ನು ಹತ್ತು ಸಲ ತೊಳೆದಂತೆ.

ಆದರೆ ಪಾವಗಡದಲ್ಲಿ ಅದು ಬೇಕು. ಯಾಕೆ ಬೇಕು ಎನ್ನುವುದರಲ್ಲಿ ಈ ಇಡೀ ವಿಷಯದ ದೊಡ್ಡ ವ್ಯಂಗ್ಯ ಅಡಗಿದೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಬಂಡೆಗಳಲ್ಲಿ ಫ್ಲೋರೈಡ್ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಯಥೇಚ್ಛವಾಗಿದ್ದರೆ ಅದು ಫ್ಲೋರೈಡನ್ನು ಕಟ್ಟಿಕೊಂಡು ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕಲ್ಲಿನಲ್ಲೇ ಉಳಿಸುತ್ತದೆ. ಒಣ ಸೀಮೆಯ ಮಣ್ಣಿನಲ್ಲಿ ಕ್ಯಾಲ್ಸಿಯಂ ಸುಣ್ಣದ ಗಂಟುಗಳಾಗಿ ಹೊರಬಿದ್ದು, ಅಥವಾ ಜೇಡಿಗೆ ಅಂಟಿಕೊಂಡು ಬದಲಿಗೆ ಸೋಡಿಯಂ ಬಂದರೆ, ನೀರು ಮೆದುವಾಗುತ್ತದೆ, ತಡೆಯುವವರಿಲ್ಲದೆ ಫ್ಲೋರೈಡ್ ಏರುತ್ತದೆ. ಅಂದರೆ ಸೋಪು ಚೆನ್ನಾಗಿ ನೊರೆ ಬರುವ, ಬೇಳೆ ಬೇಗ ಬೇಯುವ, ಬಾಯಿಗೆ ಹಿತವಾದ ಬೋರ್ ನೀರೇ ಮಕ್ಕಳ ಹಲ್ಲಿಗೆ ಕಂದು ಪಟ್ಟೆ ಎಳೆಯುತ್ತಿರಬಹುದು! ಮಿತಿ ಲೀಟರಿಗೆ 1 ಮಿಲಿಗ್ರಾಂ, ಅನಿವಾರ್ಯವಾದರೆ 1.5. ಅದಕ್ಕಿಂತ ಬಹಳ ಹೆಚ್ಚಿದ್ದನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳೇ ಬಿಗಿಯುತ್ತವೆ. 800 ಟಿಡಿಎಸ್‌ನ ನೀರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡನ್ನು ಮೀಟರ್ ಬೇರೆಯಾಗಿ ತೋರಿಸಲಾರದು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದು ಗಟ್ಟಿಯಾಗುತ್ತದೆ. ಸಾಫ್ಟ್‌ನರಿನ ಮಣಿಗಳು ಧನ ಅಯಾನುಗಳನ್ನು ಮಾತ್ರ ಹಿಡಿಯುತ್ತವೆ, ಫ್ಲೋರೈಡ್ ಋಣ ಅಯಾನು, ಪಕ್ಕದಿಂದಲೇ ಜಾರಿಹೋಗುತ್ತದೆ. ಹಳ್ಳಿಗಳಲ್ಲಿ 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳಿಗೆ ಅರ್ಥ ಬರುವುದು ಇಲ್ಲಿ. ಘಟಕದ ಹಿಂದೆ ಸುರಿಯುವ ತ್ಯಾಜ್ಯ ನೀರಿನಲ್ಲಿ ಅದೇ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗಿ ಮಣ್ಣಿಗೆ ಇಳಿಯುತ್ತದೆ ಎಂಬುದೂ ನಿಜ.

ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ತರುವ ಬೆಂಗಳೂರಿನ ಕಾವೇರಿ ನೀರಿನ ಸಮಸ್ಯೆ ಗಡಸಲ್ಲ, ಕೆಸರು ಮತ್ತು ರೋಗಾಣು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ ಸ್ಥಾವರದಲ್ಲಿ ಅದರ ಶುದ್ಧೀಕರಣ. ಹೊಳೆಯ ಜೇಡಿಕಣಗಳಿಗೆ ಋಣ ವಿದ್ಯುದಂಶ, ಒಂದನ್ನೊಂದು ದೂಡುತ್ತಾ ದಿನಗಟ್ಟಲೆ ತೇಲುತ್ತಿರುತ್ತವೆ. ಅಜ್ಜಿ ಕೊಡಕ್ಕೆ ಪಟಿಕ ತಿಕ್ಕುತ್ತಿದ್ದದ್ದು, ಸ್ಥಾವರದಲ್ಲಿ ಅಲ್ಯೂಮಿನಿಯಂ ಲವಣ ಬೆರೆಸುವುದು ಎರಡೂ ಒಂದೇ ಕೆಲಸ. ಅಲ್ಯೂಮಿನಿಯಮ್ಮಿನ ಧನ ವಿದ್ಯುದಂಶ ಆ ಜಗಳ ಬಿಡಿಸುತ್ತದೆ, ಹತ್ತಿಯ ಎಳೆಯಂಥ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಲ್ಲವನ್ನೂ ಗುಡಿಸಿಕೊಂಡು ಕೆಳಗಿಳಿಯುತ್ತದೆ. ಮರಳಿನ ಫಿಲ್ಟರ್ ಉಳಿದದ್ದನ್ನು ಹಿಡಿಯುತ್ತದೆ. ಪಟಿಕ ಕೆಲಸ ಮಾಡಬೇಕಾದರೆ ನೀರಿನಲ್ಲಿ ಸ್ವಲ್ಪವಾದರೂ ಬೈಕಾರ್ಬೊನೇಟ್ ಬೇಕು. ಆ ಲೇವಾದೇವಿಯಲ್ಲಿ ತಾತ್ಕಾಲಿಕ ಗಡಸು ಒಂದಿಷ್ಟು ಶಾಶ್ವತ ಗಡಸಾಗಿ ಬದಲಾಗುತ್ತದೆ ಎಂಬುದು ಪರೀಕ್ಷೆಗೆ ಕೇಳಬಹುದಾದ ಕಿಲಾಡಿ ಪ್ರಶ್ನೆ.

ಆಮೇಲೆ ಕ್ಲೋರಿನ್. ನೀರಿನಲ್ಲಿ ಅದು ಹೈಪೋಕ್ಲೋರಸ್ ಆಮ್ಲವಾಗುತ್ತದೆ. ಅದಕ್ಕೆ ವಿದ್ಯುದಂಶ ಇಲ್ಲದ್ದರಿಂದ ರೋಗಾಣುವಿನ ಗೋಡೆಯೊಳಗೆ ಸಲೀಸಾಗಿ ನುಗ್ಗುತ್ತದೆ. ಹುಳಿ-ಕ್ಷಾರದ ಅಳತೆಯಾದ ಪಿಎಚ್ 7.5 ದಾಟಿದರೆ ಅರ್ಧಕ್ಕಿಂತ ಹೆಚ್ಚು ಪಾಲು ಹೈಪೋಕ್ಲೋರೈಟ್ ಆಗಿ ಮೊಂಡಾಗುತ್ತದೆ. ಬೋರ್ ನೀರಿನ ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿ ತಕ್ಷಣ ಮೋಟಾರು ಹಾಕಬೇಡಿ, ಅರ್ಧ ಗಂಟೆ ಬಿಡಿ ಎನ್ನುವುದು ಹೀಗೆ ಮೊಂಡಾದ ಕ್ಲೋರಿನ್ನಿಗೆ ಕೆಲಸ ಮುಗಿಸಲು ಹೊತ್ತು ಬೇಕೆಂದೇ. ನಲ್ಲಿಗೆ ಬಂದಾಗಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ನಿಯಮ ದಾರಿಗಾಗಿ. ನಮ್ಮ ಪೈಪುಗಳಲ್ಲಿ ನೀರು ದಿನವಿಡೀ ಹರಿಯುವುದಿಲ್ಲ. ನಿಂತಾಗ ಒತ್ತಡ ಇಳಿದು ಒಡೆದ ಕೀಲುಗಳಲ್ಲಿ ಪಕ್ಕದ ಚರಂಡಿ ಒಳಕ್ಕೆ ಜಿನುಗಬಹುದು. ಬೆಳಗ್ಗೆ ಬಿಂದಿಗೆಯಲ್ಲಿ ಬರುವ ಆ ವಾಸನೆಗೆ ಮೂಗು ಮುರಿಯುವವರಿಗೆ ನಾನು ಹೇಳುವುದಿಷ್ಟೆ, ಅದು ಬಂದರೆ ನೆಮ್ಮದಿ, ಒಂದೆರಡು ಗಂಟೆ ತೆರೆದಿಟ್ಟರೆ ಹೋಗುತ್ತದೆ.

ಇವತ್ತು ಭಾನುವಾರ, ನಮ್ಮ ಮನೆಯಲ್ಲಿ ಕೆಟಲ್ ತೊಳೆಯುವ ದಿನ. ಬಾತ್‌ರೂಮಿಗೆ ತರುವ ಆಸಿಡ್ ಇದಕ್ಕೆ ಬೇಡ. ಅದನ್ನು ಬ್ಲೀಚಿಂಗ್ ಪೌಡರ್ ಜೊತೆ ಎಲ್ಲಿಯೂ ಸೇರಿಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಅರ್ಧ ಲೋಟ ವಿನೆಗರ್, ಅಷ್ಟೇ ನೀರು, ಇಲ್ಲದಿದ್ದರೆ ಎರಡು ನಿಂಬೆಹಣ್ಣು ಸಾಕು. ಹಾಕಿದ ತಕ್ಷಣ ತಳದ ಬಿಳಿ ಕಲ್ಲಿನಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಕಿವಿ ಹತ್ತಿರ ಹಿಡಿದರೆ ಸರ್ ಎನ್ನುವ ಸದ್ದು. ಹುಳಿ ಕ್ಯಾಲ್ಸಿಯಮ್ಮನ್ನು ಎಳೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುಗಡೆ ಮಾಡುತ್ತಿದೆ. ನಮ್ಮ ಬಂಡೆ ಗ್ರಾನೈಟಾದ್ದರಿಂದ ಅದರಲ್ಲಿ ಕಾರ್ಬೊನೇಟ್ ಇಲ್ಲ, ಹಾಗಾಗಿ ಆ ಗುಳ್ಳೆಯ ಅನಿಲ ಬಹುಮಟ್ಟಿಗೆ ಮಣ್ಣಿನಿಂದಲೇ ಬಂದಿರಬೇಕು. ಯಾವುದೋ ಕಾಲದ ಮಳೆಯಲ್ಲಿ ಯಾವುದೋ ಹುಣಸೆಮರದ ಬೇರು ಬಿಟ್ಟ ಉಸಿರು. ಹತ್ತು ನಿಮಿಷ ಬಿಟ್ಟು, ಎರಡು ಸಲ ತೊಳೆದು, ಕಾಫಿಗೆ ನೀರಿಟ್ಟೆ.